ಡೇಟಾಬೇಸ್‌ನಲ್ಲಿ ಏನೇನಿದೆ? ಮೊಂಗೋಡಿಬಿಯನ್ನು ಕೋಡ್‌ನಿಂದಲೇ ಕೇಳುವ ಬಗೆ

ಯಾರೋ ಕಟ್ಟಿದ ಮೊಂಗೋಡಿಬಿ ಡೇಟಾಬೇಸ್ ನಿಮ್ಮ ಪಾಲಿಗೆ ಬಂದಿದೆ ಎನ್ನಿ. ಒಳಗೆ ಯಾವ ಕಲೆಕ್ಷನ್‌ಗಳಿವೆ ಎಂದು ನೋಡಲು ಶೆಲ್‌ನಲ್ಲಿ ‘ಶೋ ಕಲೆಕ್ಷನ್ಸ್’ ಎಂದರೆ ಸಾಕು. ರಾತ್ರಿ ತಾನಾಗಿ ಓಡುವ ಬ್ಯಾಕಪ್ ಸ್ಕ್ರಿಪ್ಟ್‌ಗೆ ಮಾತ್ರ ಆ ಪಟ್ಟಿ ಕೋಡ್‌ನೊಳಗೇ ಸಿಗಬೇಕು.

ಪೈಥಾನ್‌ನವರಿಗೆ ಇದು ಸಲೀಸು. ಪೈಮೊಂಗೋದ ಡೇಟಾಬೇಸ್ ಆಬ್ಜೆಕ್ಟ್ ಮೇಲೆ ‘ಲಿಸ್ಟ್_ಕಲೆಕ್ಷನ್_ನೇಮ್ಸ್’ ಮೆಥಡ್ ಕರೆದರೆ ಹೆಸರುಗಳು ಬಂದುಬಿಡುತ್ತವೆ. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಕಾಣುವ ‘ಕಲೆಕ್ಷನ್_ನೇಮ್ಸ್’ ಅನ್ನು ನಕಲು ಮಾಡಬೇಡಿ, ಪೈಮೊಂಗೋ 4.0ರಲ್ಲಿ ಅದನ್ನು ಕಿತ್ತುಹಾಕಿದ್ದಾರೆ. ನೋಡ್‌ಜೆಎಸ್‌ನಲ್ಲಿ ‘ಲಿಸ್ಟ್‌ಕಲೆಕ್ಷನ್ಸ್’ ಕೊಡುವುದು ಕರ್ಸರ್ ಅನ್ನು. ‘ಟುಅರೇ’ ಕರೆದು ಅವೇಟ್ ಮಾಡಿದ ಮೇಲೆಯೇ ಪಟ್ಟಿ ಸಿಗುವುದು.

ಭಾಷೆ ಯಾವುದಾದರೂ ಡ್ರೈವರ್ ಸರ್ವರ್‌ಗೆ ಕಳಿಸುವುದು ಒಂದೇ ಕಮಾಂಡ್, ‘ಲಿಸ್ಟ್‌ಕಲೆಕ್ಷನ್ಸ್’. ಮೊಂಗೋಡಿಬಿ 3.0ಕ್ಕೆ ಮುಂಚೆ ಡ್ರೈವರ್‌ಗಳು ‘ಸಿಸ್ಟಮ್.ನೇಮ್‌ಸ್ಪೇಸಸ್’ ಎಂಬ ಒಳ ಕಲೆಕ್ಷನ್ನನ್ನೇ ಓದುತ್ತಿದ್ದವು. ವೈರ್ಡ್‌ಟೈಗರ್ ಸ್ಟೋರೇಜ್ ಎಂಜಿನ್‌ನಲ್ಲಿ ಆ ಕಲೆಕ್ಷನ್ ಇಲ್ಲ, ಹಾಗಾಗಿ ಈ ಕಮಾಂಡ್ ಬಂತು.

ಎಡವುವುದು ಉತ್ತರವನ್ನು ಓದುವಾಗ. 3.4ರಿಂದ ವ್ಯೂಗಳು, 5.0ರಿಂದ ಟೈಮ್‌ಸೀರೀಸ್ ಕಲೆಕ್ಷನ್‌ಗಳು ಬಂದಿವೆ. ಇವೆಲ್ಲ ಒಂದೇ ಪಟ್ಟಿಯಲ್ಲಿ ಬೆರೆತು ಬರುತ್ತವೆ. ಒಂದು ವ್ಯೂ ಸೃಷ್ಟಿಸಿದರೆ ಸಾಕು, ‘ಸಿಸ್ಟಮ್.ವ್ಯೂಸ್’ ಕೂಡ ತಲೆಹಾಕುತ್ತದೆ. ಪಟ್ಟಿಯಲ್ಲಿರುವುದಕ್ಕೆಲ್ಲ ಇನ್ಸರ್ಟ್ ಮಾಡುತ್ತ ಹೋಗುವ ಲೂಪ್ ಮೊದಲ ವ್ಯೂನಲ್ಲೇ ಮುಗ್ಗರಿಸುತ್ತದೆ, ವ್ಯೂಗೆ ಬರೆಯಲಾಗದಲ್ಲ! ಆದ್ದರಿಂದ ಫಿಲ್ಟರ್‌ನಲ್ಲಿ ‘ಟೈಪ್’ ಎಂಬುದಕ್ಕೆ ‘ಕಲೆಕ್ಷನ್’ ಎಂಬ ಬೆಲೆ ಕೊಡಿ. ‘ಸಿಸ್ಟಮ್.’ ಎಂದು ಶುರುವಾಗುವ ಹೆಸರುಗಳನ್ನು ನೀವೇ ಜರಡಿ ಹಿಡಿಯಬೇಕು. ಅಕಾರಾದಿಯಾಗಿ ಬೇಕಿದ್ದರೆ ಸಾರ್ಟ್ ಕೂಡ ನಿಮ್ಮದೇ ಕೆಲಸ.

ಪಟ್ಟಿ ಖಾಲಿ ಬಂದರೆ ಮೊದಲು ಡೇಟಾಬೇಸ್ ಹೆಸರಿನ ಕಾಗುಣಿತ ನೋಡಿ. ಇಲ್ಲದ ಡೇಟಾಬೇಸನ್ನು ಕೇಳಿದರೂ ಮೊಂಗೋಡಿಬಿ ಎರರ್ ಕೊಡುವುದಿಲ್ಲ, ಸುಮ್ಮನೆ ಖಾಲಿ ಪಟ್ಟಿ ಕೊಡುತ್ತದೆ. ಕಲೆಕ್ಷನ್ ಹುಟ್ಟುವುದೂ ಸಾಮಾನ್ಯವಾಗಿ ಮೊದಲ ಡಾಕ್ಯುಮೆಂಟ್ ಒಳಗೆ ಬಿದ್ದಾಗಲೇ. ‘ಆರ್ಡರ್ಸ್’ ಬದಲು ‘ಆರ್ಡರ್’ ಎಂದು ಬರೆದು ಇನ್ಸರ್ಟ್ ಮಾಡಿದರೆ ಹೊಸದೊಂದು ಸದ್ದಿಲ್ಲದೆ ತಯಾರಾಗುತ್ತದೆ. ಇಂಥವನ್ನು ಹಿಡಿಯಲು ಈ ಪಟ್ಟಿಗಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಅನುಮತಿಯ ಎರರ್ ಬಂದರೆ ವಿಷಯ ಬೇರೆ. ‘ರೀಡ್’ ರೋಲ್ ಇರುವ ಬಳಕೆದಾರನಿಗೆ ಇಡೀ ಪಟ್ಟಿ ಕಾಣುತ್ತದೆ. ಒಂದೆರಡು ಕಲೆಕ್ಷನ್‌ಗಷ್ಟೇ ಹಕ್ಕಿರುವವರು ‘ನೇಮ್‌ಓನ್ಲಿ’ ಮತ್ತು ‘ಆಥರೈಸ್ಡ್‌ಕಲೆಕ್ಷನ್ಸ್’ ಎರಡನ್ನೂ ಟ್ರೂ ಮಾಡಿ ಕೇಳಿದರೆ ತಮ್ಮ ಪಾಲಿನ ಹೆಸರುಗಳನ್ನು ಪಡೆಯಬಹುದು. ‘ನೇಮ್‌ಓನ್ಲಿ’ ಇದ್ದಾಗ ಸರ್ವರ್ ಕಲೆಕ್ಷನ್‌ಗಳ ಮೇಲೆ ಲಾಕ್ ಹಾಕುವುದಿಲ್ಲ. ಹೆಸರಷ್ಟೇ ಸಾಕೆಂದಾದರೆ, ಹಕ್ಕು ಪೂರ್ತಿ ಇದ್ದರೂ ಅದನ್ನೇ ಬಳಸಿ.