ಕಾಗೆ ಹಾರಿದ ದೂರ

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನಿಂತು ಬಸವಕಲ್ಯಾಣದ ದಾರಿ ವಿಚಾರಿಸುತ್ತ "ಕಲ್ಯಾಣ ಎಷ್ಟ ದೂರ ಅದರಿ?" ಎಂದು ಕೇಳಿದರೆ ಸುಮಾರು 30 ಕಿ.ಮೀ. ಎಂಬ ಉತ್ತರ ಬರುತ್ತದೆ. ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟರೆ 22 ದಾಟುವುದಿಲ್ಲ. ಈ ಎರಡನೆಯ ಲೆಕ್ಕಕ್ಕೆ ಇಂಗ್ಲಿಷಿನವರು ‘ಆ್ಯಸ್ ದ ಕ್ರೋ ಫ್ಲೈಸ್’, ಅಂದರೆ ಕಾಗೆ ಹಾರಿದಂತೆ, ಎನ್ನುತ್ತಾರೆ. ಹೊಲ, ಹಳ್ಳ, ಗುಡ್ಡ ಯಾವುದನ್ನೂ ಲೆಕ್ಕಿಸದೆ ಗೆರೆ ಎಳೆದಂತೆ ಹೋದರೆ ಆಗುವ ದೂರ ಅದು. ನಮ್ಮ ಪತ್ರಿಕೆಗಳು ಇದನ್ನೇ ನೇರ ದೂರ, ವೈಮಾನಿಕ ದೂರ ಎಂದು ಬರೆಯುತ್ತವೆ.

ಲೆಕ್ಕ ಮನೆಯಲ್ಲೇ ಮಾಡಬಹುದು. ಎರಡು ಊರುಗಳ ಅಕ್ಷಾಂಶದಲ್ಲಿ ಸುಮಾರು 0.10 ಡಿಗ್ರಿ ಅಂತರ, ಅಂದರೆ 11 ಕಿ.ಮೀ. ರೇಖಾಂಶದಲ್ಲಿ 0.18 ಡಿಗ್ರಿ, ನಮ್ಮ ಭಾಗದಲ್ಲಿ ಅದು 19 ಕಿ.ಮೀ. ಆಗುತ್ತದೆ. ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯ ಹಾಕಿದರೆ 22 ಬರುತ್ತದೆ.

ಉಳಿದ ಎಂಟು ಕಿ.ಮೀ. ಎಲ್ಲಿಂದ ಬಂತು? ರಾಷ್ಟ್ರೀಯ ಹೆದ್ದಾರಿ 65 ಈ ಎರಡು ಊರುಗಳನ್ನು ಕೂಡಿಸಲು ಹಾಕಿದ್ದಲ್ಲ. ಸೊಲ್ಲಾಪುರ, ಹೈದರಾಬಾದುಗಳ ನಡುವಿನ ಆ ದಾರಿ ಹುಮನಾಬಾದನ್ನು ಮುಟ್ಟುತ್ತದೆ, ಬಸವಕಲ್ಯಾಣವನ್ನು ಬಿಟ್ಟು ಹೋಗುತ್ತದೆ. ಸಸ್ತಾಪುರ ಬಂಗ್ಲಾದ ತನಕ ಪಡುವಣಕ್ಕೆ ಹೋಗಿ, ಅಲ್ಲಿಂದ ಬಡಗಣಕ್ಕೆ ತಿರುಗಬೇಕು.

ನೇರ ದೂರದ ಹಿಂದೆ ಬಿದ್ದವರು ಈ ಸೀಮೆಗೆ ಹಿಂದೆಯೇ ಬಂದಿದ್ದರು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ ಮಹಾ ತ್ರಿಕೋನಮಿತಿ ಮೋಜಣಿ 1815ರಲ್ಲಿ ಬೀದರ್ ಬಳಿ ತಲುಪಿತು. ಅಲ್ಲಿ ಒಂದು ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದರು. ಆಮೇಲೆ ಗುಡ್ಡದಿಂದ ಗುಡ್ಡಕ್ಕೆ ಥಿಯೊಡೊಲೈಟ್ ಇಟ್ಟು ಕೋನ ನೋಡಿದರೆ ಸಾಕು, ನಡೆಯದೆಯೇ ದೂರ ಗೊತ್ತಾಗುತ್ತಿತ್ತು.

ಇಷ್ಟಕ್ಕೂ ಕಾಗೆ ಈ ಮರ್ಯಾದೆಗೆ ತಕ್ಕ ಹಕ್ಕಿಯಲ್ಲ. ಹುಮನಾಬಾದಿನ ವೀರಭದ್ರೇಶ್ವರ ಗುಡಿಯ ಮೇಲೆ ನಾಲ್ಕು ಸುತ್ತು ಹಾಕಿ, ಹೋಟೆಲಿನ ಹಿತ್ತಲಿಗೆ ಇಳಿದು, ಮನಸ್ಸಾದರೆ ಮುಂದೆ ಹೋಗುವ ಪ್ರಾಣಿ ಅದು. ಗೂಡಿಗೆ ಮರಳುವ ಪಾರಿವಾಳವೇ ವಾಸಿ.

ನೇರ ದೂರದ ಮಾತು ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಎಂಬುದು ಕಾನೂನಿನಲ್ಲಿ ಚೆನ್ನಾಗಿ ಕಾಣುತ್ತದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 11ನೇ ಕಲಮಿನ ಪ್ರಕಾರ, ಕೇಂದ್ರದ ಕಾಯ್ದೆಯಲ್ಲಿ ದೂರ ಎಂದಿದ್ದರೆ, ಬೇರೆ ಉದ್ದೇಶ ಕಾಣದ ಹೊರತು, ಸಮತಲದ ಮೇಲಿನ ನೇರ ಗೆರೆಯಲ್ಲೇ ಅಳೆಯಬೇಕು. ಆದರೆ ಕೇಂದ್ರದ 2010ರ ಶಿಕ್ಷಣ ಹಕ್ಕು ನಿಯಮಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಒಂದು ಕಿ.ಮೀ. ‘ನಡಿಗೆಯ ದೂರ’ದಲ್ಲಿರಬೇಕು ಎನ್ನುತ್ತವೆ. ತಾಂಡಾಕ್ಕೂ ಶಾಲೆಗೂ ನಡುವೆ ಹಳ್ಳವಿದ್ದರೆ ನಕಾಶೆ 800 ಮೀಟರ್ ತೋರಿಸಬಹುದು. ಮಳೆಗಾಲದಲ್ಲಿ ಮಗು ಸೇತುವೆ ಸುತ್ತಿಕೊಂಡೇ ಹೋಗಬೇಕು. ಅಂಥ ಊರಿನವರು ಅರ್ಜಿಯಲ್ಲಿ ಬರೆಯಬೇಕಾದದ್ದು ಆ ಸುತ್ತುದಾರಿಯ ಅಳತೆಯನ್ನು.