ಪರದೆಯೇ ಹೇಳುವ ರೋಗ

ಹಾಸನದಲ್ಲಾಗಲಿ ಹೊಳೆನರಸೀಪುರದಲ್ಲಾಗಲಿ, ಶಾಲೆಯ ಮೂಲೆಯೊಂದರಲ್ಲಿ ಗಾಜಿನ ಕೊಳವೆಯ ಹಳೆಯ ಬಣ್ಣದ ಮಾನಿಟರು ಕಣ್ಣಿಗೆ ಬಿದ್ದರೆ, ಅದರ ರೋಗವನ್ನು ಪರದೆಯಿಂದಲೇ ಅರಿಯಬಹುದು. ಕೊಳವೆಯ ಹಿಂಬದಿಯಿಂದ ಹೊರಡುವ ಮೂರು ಎಲೆಕ್ಟ್ರಾನ್ ಕಿರಣಗಳು ರಂಧ್ರಗಳುಳ್ಳ ಲೋಹದ ತೆರೆಯನ್ನು ಹಾಯ್ದು ಕೆಂಪು, ಹಸುರು, ನೀಲಿ ಚುಕ್ಕೆಗಳನ್ನು ಬೆಳಗಿಸುತ್ತವೆ. ಬಿಳಿಯ ಪುಟವಿಡೀ ಹಳದಿಯಾಗಿ ತೋರಿದರೆ ನೀಲಿ ಕಾಣೆಯಾಗಿದೆಯೆಂದು ತಿಳಿಯಿರಿ. ಮೊದಲು ಕೇಬಲ್ಲಿನ ಪಿನ್ನುಗಳನ್ನು ಪರೀಕ್ಷಿಸಿರಿ. ಒಂದು ಮೂಲೆಯಲ್ಲಿ ಮಾತ್ರ ಬಣ್ಣ ಕದಡಿದ್ದರೆ ಲೋಹದ ತೆರೆಗೆ ಕಾಂತತ್ವ ಹತ್ತಿರಬಹುದು. ಪಕ್ಕದ ಸ್ಪೀಕರನ್ನು ದೂರವಿರಿಸಿ, ಡೀಗಾಸ್ ಗುಂಡಿಯಿದ್ದರೆ ಒತ್ತಿರಿ. ಚಿತ್ರ ಕುಗ್ಗಿ ಅಡ್ಡಗೆರೆಯೊಂದೇ ಉಳಿದರೆ, ಕಿರಣಗಳನ್ನು ಮೇಲೆ ಕೆಳಗೆ ಚಲಿಸುವಂತೆ ಮಾಡುವ ವಿದ್ಯುನ್ಮಂಡಲ ಕೆಟ್ಟಿದೆ. ಆದರೆ ಪೆಟ್ಟಿಗೆಯನ್ನು ಬಿಚ್ಚದಿರಿ. ಒಳಗೆ ಸುಮಾರು 25,000 ವೋಲ್ಟುಗಳಿರುತ್ತವೆ. ಸ್ವಿಚ್ಚು ಆರಿಸಿದ ಮೇಲೂ ಕೊಳವೆ ಆ ವಿದ್ಯುತ್ತನ್ನು ಹಿಡಿದಿಟ್ಟಿರಬಲ್ಲದು. ನಿದಾನ ನಿಮ್ಮದು, ಚಿಕಿತ್ಸೆ ಬಲ್ಲವರದು.