ಎರಡು ಅಳತೆಗಳ ನಡುವೆ ಸಿಕ್ಕ ಟೈರು

ಭಾನುವಾರ ಬೆಳಗಿನ ಜಾವ ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕದ ಕಡೆ ಹೊರಟರೆ ನಂದಿಬೆಟ್ಟಕ್ಕೆ ಹೋಗುವ ಕಾರುಗಳ ಸಾಲು ಸಿಗುತ್ತದೆ. ನೆಲಕ್ಕೆ ಅಂಟಿಕೊಂಡಂತೆ ಓಡುವ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳೂ ಆ ಸಾಲಿನಲ್ಲಿರುತ್ತವೆ. ಅವುಗಳಲ್ಲಿ ಎರಡನೇ ಕೈ, ಮೂರನೇ ಕೈ ದಾಟಿ ಬಂದವು ಕಡಿಮೆಯಲ್ಲ. ಕೊಂಡ ಹೊಸತರಲ್ಲಿ ಮಾಲೀಕರ ಮಾತೆಲ್ಲ ಎಂಜಿನ್ನಿನ ಸದ್ದು, ಮಡಚುವ ಚಾವಣಿಗಳ ಸುತ್ತಲೇ. ಕೆಲವು ತಿಂಗಳು ಕಳೆದರೆ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ: ಟೈರು ಸಿಗುತ್ತಿಲ್ಲ.

ಎರಡನೇ ತಲೆಮಾರಿನ ಪೋರ್ಷೆ ಬಾಕ್ಸ್‌ಸ್ಟರನ್ನೇ ತೆಗೆದುಕೊಳ್ಳಿ. 2005ರಿಂದ 2012ರವರೆಗೆ ಮಾರಾಟವಾದ ಈ ಕಾರಿನ ಮೂಲ ಆವೃತ್ತಿಗೆ ಮುಂದೆ 205/55 R17, ಹಿಂದೆ 235/50 R17 ಟೈರು. ಅಂದರೆ ನಾಲ್ಕು ಟೈರಿಗೆ ಎರಡು ಬೇರೆ ಬೇರೆ ಅಳತೆ. ನಮ್ಮ ಬೀದಿ ತುಂಬ ಓಡಾಡುವ ಸ್ವಿಫ್ಟಿನ 185/65 R15 ಆಗಲಿ, ಕ್ರೆಟಾದ 215/60 R17 ಆಗಲಿ ಇದಕ್ಕೆ ಹೊಂದುವುದಿಲ್ಲ. ಆರ್.ಟಿ. ನಗರದ ಟೈರ್ ಅಂಗಡಿಯೊಂದರಲ್ಲಿ ಇಂಥ ಕಾರಿನ ಮಾಲೀಕರೊಬ್ಬರಿಗೆ ಸಿಕ್ಕ ಉತ್ತರ ನಾನೇ ಕೇಳಿದ್ದು: "ಈ ಸೈಜು ಸ್ಟಾಕ್ ಇಲ್ಲ ಸಾರ್. ತರಿಸ್ಬೇಕು. ಬರುತ್ತೆ ಅಂತ ಗ್ಯಾರಂಟಿ ಹೇಳಕ್ಕಾಗಲ್ಲ. ಅರ್ಜೆಂಟ್ ಇದ್ರೆ ಇನ್ನೂರ ಹದಿನೈದು ಅರವತ್ತು ಹಾಕ್ಕೊಡ್ಲಾ? ಅದೂ ಹದಿನೇಳು ಇಂಚೇ."

ಅಂಗಡಿಯವನ ಮಾತಿನಲ್ಲಿ ಮೋಸವಿರಲಿಲ್ಲ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಟೈರಿನ ಮೊದಲ ಸಂಖ್ಯೆ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡಾವಾರು ಲೆಕ್ಕದಲ್ಲಿ ಪಕ್ಕದ ಗೋಡೆಯ ಎತ್ತರ. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಈ ಲೆಕ್ಕದಂತೆ 205/55 R17 ಟೈರಿನ ಒಟ್ಟು ವ್ಯಾಸ 657 ಮಿ.ಮೀ.; 215/60 R17 ಟೈರಿನದು ಸುಮಾರು 690. ಮುಂದಿನ ಚಕ್ರ 30 ಮಿ.ಮೀ.ಗೂ ಹೆಚ್ಚು ದೊಡ್ಡದಾಗಿ, ಹಿಂದಿನದನ್ನೂ ಮೀರಿಸುತ್ತದೆ. ಮೂಲದಲ್ಲಿ ಇದ್ದದ್ದು ಅದರ ತದ್ವಿರುದ್ಧ. ಸ್ಟಿಯರಿಂಗ್ ತಿರುಗಿಸಿದಾಗ ಟೈರು ಒಳಮೈಗೆ ಉಜ್ಜಬಹುದು. ಮುಂದಿನ, ಹಿಂದಿನ ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುವ ಎಬಿಎಸ್‌ಗೂ ತಪ್ಪು ಲೆಕ್ಕ ಹೋಗುತ್ತದೆ.

ಒಂದೇ ಟೈರಿನ ಮೇಲೆ ಮಿಲಿಮೀಟರ್, ಶೇಕಡಾ, ಇಂಚು ಒಟ್ಟಿಗೆ ಹೇಗೆ ಬಂದು ಕೂತವು? ನಮ್ಮ ಹಿರಿಯರ ಕಾರುಗಳಲ್ಲಿ ಈ ಗೊಂದಲ ಇರಲಿಲ್ಲ. ಪದ್ಮಿನಿಗೆ 5.20-14, ಅಂಬಾಸಿಡರಿಗೆ 5.90-15. ಎರಡೂ ಸಂಖ್ಯೆ ಇಂಚಿನವೇ. ಆ ಕಾಲದ ಕ್ರಾಸ್-ಪ್ಲೈ ಟೈರುಗಳ ಎತ್ತರ ಹೆಚ್ಚುಕಡಿಮೆ ಅಗಲದಷ್ಟೇ ಇರುತ್ತಿತ್ತು. ಅದನ್ನು ಬೇರೆಯಾಗಿ ಬರೆಯುವ ಅಗತ್ಯವೇ ಇರಲಿಲ್ಲ. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಅರ್ಜಿ ಹಾಕಿತು. ಎಳೆಗಳು ಓರೆಯಾಗಿ ಒಂದನ್ನೊಂದು ದಾಟುವ ಬದಲು ಅಂಚಿನಿಂದ ಅಂಚಿಗೆ ನೇರ ಹಾಯುವ, ಮೇಲೆ ಉಕ್ಕಿನ ಪಟ್ಟಿ ಹೊದ್ದ ಟೈರು ಅದು. ಯುರೋಪಿನಿಂದ ಬಂದ ರೇಡಿಯಲ್ ಮಿಲಿಮೀಟರ್ ತಂದಿತು. ರಿಮ್ಮು ಮಾತ್ರ ಇಂಚಿನಲ್ಲೇ ಉಳಿಯಿತು. ವೇಗದ ಕಾರುಗಳು ಹೆಚ್ಚಿ ಟೈರು ಅಗಲವಾಗುತ್ತ, ಗೋಡೆ ಗಿಡ್ಡವಾಗುತ್ತ ಹೋದಂತೆ ನಡುವಿನ ಶೇಕಡಾ ಸಂಖ್ಯೆ ಸೇರಿಕೊಂಡಿತು.

ಈ ಬೆರಕೆ ಅಳತೆಯನ್ನು ಸರಿಪಡಿಸಲು ಒಬ್ಬರು ಹೊರಟಿದ್ದರು. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವವರು ತಿಳಿದಿರಲೇಬೇಕಾದ ಕಥೆ ಅದು. 1975ರಲ್ಲಿ ಅದೇ ಮಿಶೆಲಿನ್ ಟಿಆರ್‌ಎಕ್ಸ್ ಎಂಬ ಟೈರನ್ನು ಹೊರತಂದಿತು. ಇದರ ರಿಮ್ಮೂ ಮಿಲಿಮೀಟರಿನಲ್ಲೇ: 365, 390, 415. ರಿಮ್ಮಿನ ಅಂಚನ್ನು ಗಿಡ್ಡವಾಗಿ, ಚಪ್ಪಟೆಯಾಗಿ ಮಾಡಿದ್ದರಿಂದ ಟೈರಿನ ಗೋಡೆ ಸಹಜವಾಗಿ ಬಾಗಲು ಜಾಗ ಸಿಕ್ಕಿತು. ಗಿಡ್ಡ ಟೈರಿನ ಹಿಡಿತವೂ ಬೇಕು, ಕುಲುಕಾಟವೂ ಕಡಿಮೆಯಾಗಬೇಕು ಎನ್ನುವವರಿಗೆ ಅದು ನಿಜಕ್ಕೂ ಒಳ್ಳೆಯ ಉಪಾಯವಾಗಿತ್ತು. ಬಿಎಂಡಬ್ಲ್ಯೂ, ಫೆರಾರಿ, ಅಮೆರಿಕದ ಫೋರ್ಡ್ ಮಸ್ಟಾಂಗ್ ಎಲ್ಲವೂ ಇದನ್ನು ತೊಟ್ಟವು.

ತೊಡಕಿದ್ದದ್ದು ಆ ರಿಮ್ಮಿನ ಅಳತೆಯಲ್ಲೇ. 390 ಮಿ.ಮೀ. ಅಂದರೆ 15.35 ಇಂಚು. 15 ಇಂಚಿನ ಟೈರು ಅದಕ್ಕೆ ಏರುವುದಿಲ್ಲ, 16 ಇಂಚಿನದು ಕಚ್ಚಿ ಕೂರುವುದಿಲ್ಲ. ಜಗತ್ತಿನ ಉಳಿದ ಟೈರುಗಳಿಗೆಲ್ಲ ಈ ರಿಮ್ಮು ಪರಕೀಯ. ಅಷ್ಟರಲ್ಲಿ ಬೇರೆ ಕಂಪನಿಗಳು ಇಂಚಿನ ರಿಮ್ಮಿನ ಮೇಲೆಯೇ ಒಳ್ಳೆಯ ಗಿಡ್ಡ ಟೈರು ಮಾಡುವುದನ್ನು ಕಲಿತವು. ಕಾರು ಕಂಪನಿಗಳು ಒಂದೊಂದಾಗಿ ಟಿಆರ್‌ಎಕ್ಸ್ ಕೈಬಿಟ್ಟವು. ಉಳಿದುಬಿಟ್ಟವರು ಕಾರಿನ ಮಾಲೀಕರು. ಮಿಶೆಲಿನ್ ಇಂದಿಗೂ ಹಳೆಯ ಕಾರುಗಳಿಗೆಂದು ಕೆಲವು ಅಳತೆಗಳನ್ನು ಮಾಡಿಕೊಡುತ್ತದೆ, ಆದರೆ ಬೆಲೆ ವಿಪರೀತ. ಅದು ಬೇಡವೆಂದರೆ ನಾಲ್ಕೂ ರಿಮ್ಮು ಬದಲಿಸಬೇಕು. ಕಾರು ಗಟ್ಟಿಮುಟ್ಟಾಗಿದ್ದರೂ ಅದರ ಟೈರಿನ ಅಳತೆ ಪೇಟೆಯಿಂದ ಮರೆಯಾದರೆ ಕಾರಿಗೆ ಓಡಾಟವಿಲ್ಲ ಎಂಬುದನ್ನು ಟಿಆರ್‌ಎಕ್ಸ್ ಮೊದಲು ತೋರಿಸಿಕೊಟ್ಟಿತು.

ನಮ್ಮಲ್ಲಿ ಅಳತೆ ಮರೆಯಾದದ್ದು ಬೇರೆ ದಾರಿಯಲ್ಲಿ. ಟೈರು ಮಾಡುವ ಕೈ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನಲ್ಲಿ 1973ರಲ್ಲಿ ಫಾಲ್ಕನ್ ಟೈರ್ಸ್ ಹುಟ್ಟಿತು. ಸ್ಕೂಟರು, ಬೈಕುಗಳಿಗೆ ಡನ್‌ಲಪ್ ಹೆಸರಿನ ಟೈರು ಕೊಡುತ್ತಿದ್ದ ಆ ಕಾರ್ಖಾನೆ ಇವತ್ತು ಬಾಗಿಲು ಹಾಕಿದೆ. ಅಲ್ಲೇ ಇದ್ದ ವಿಕ್ರಾಂತ್ ಟೈರ್ಸನ್ನು 1997ರಲ್ಲಿ ಜೆಕೆ ಕಂಪನಿ ವಹಿಸಿಕೊಂಡಿತು. 1977ರಲ್ಲಿ ಭಾರತಕ್ಕೆ ರೇಡಿಯಲ್ ಟೈರು ತಂದದ್ದು ಇದೇ ಜೆಕೆ. ಆದರೆ ಕಾರ್ಖಾನೆ ನಡೆಯಬೇಕಾದರೆ ಲಕ್ಷಗಟ್ಟಲೆ ಓಡುವ ಅಳತೆ ಬೇಕು. ಊರಿಗೆ ಬೆರಳೆಣಿಕೆಯಷ್ಟಿರುವ ಕಾರಿಗಾಗಿ ಯಾರೂ ಅಚ್ಚು ಹಾಕುವುದಿಲ್ಲ. ಅಂಥ ಅಳತೆಗಳು ಹೊರದೇಶದಿಂದಲೇ ಬರಬೇಕಿತ್ತು, ಬರುತ್ತಲೂ ಇದ್ದವು.

ಆ ಆಮದಿನ ದಾರಿಗೆ ಬಿದ್ದ ಮೊದಲ ಬೇಲಿ ಐಎಸ್‌ಐ ಗುರುತು. 2009ರ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ಇಲ್ಲಿ ಮಾರುವ ಟೈರಿಗೆ ಆ ಗುರುತು ಕಡ್ಡಾಯವಾಯಿತು. ವಿದೇಶಿ ಕಾರ್ಖಾನೆಯೂ ಅದಕ್ಕೆ ಪರವಾನಗಿ ಪಡೆಯಬೇಕು. ಕಳಪೆ ಟೈರು ತಡೆಯಲು ಅದು ಬೇಕಾದ ಬೇಲಿಯೇ. ಎರಡನೆಯದು 2020ರ ಜೂನ್ 12ರಂದು ಬಂತು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊಸ ಟೈರುಗಳ ಆಮದನ್ನು 'ಮುಕ್ತ' ಪಟ್ಟಿಯಿಂದ 'ನಿರ್ಬಂಧಿತ' ಪಟ್ಟಿಗೆ ಸರಿಸಿತು. ಅಂದಿನಿಂದ ಆಮದಿಗೆ ಸರ್ಕಾರದ ಪರವಾನಗಿ ಬೇಕು. ಅಗ್ಗದ ಆಮದಿನಿಂದ ದೇಶಿ ಉದ್ಯಮವನ್ನು ಕಾಯುವ ಉದ್ದೇಶ ಸರಿಯಾದದ್ದೇ. ಆದರೆ ಲಾರಿಗಟ್ಟಲೆ ಬಂದು ಬೀಳುವ ಅಗ್ಗದ ಟೈರಿಗೂ, ದೇಶದಲ್ಲಿ ಯಾರೂ ಮಾಡದ ಅಳತೆಯ ನಾಲ್ಕು ಟೈರಿಗೂ ಒಂದೇ ನಿಯಮ ಹೊರಿಸಿದ್ದು ಸರಿಯಲ್ಲ. ಆ ನಾಲ್ಕು ಟೈರಿನಿಂದ ಮೈಸೂರಿನ ಯಾವ ಕಾರ್ಮಿಕನ ಅನ್ನಕ್ಕೂ ಕುತ್ತು ಬರುವುದಿಲ್ಲ.

ಇದರ ಫಲ ನಮ್ಮ ರಸ್ತೆಯ ಮೇಲೇ ಕಾಣುತ್ತದೆ. ಹೊಸದು ಸಿಗದವರು ಹಳೆಯ ಟೈರಿನಲ್ಲೇ ಓಡಿಸುತ್ತಾರೆ. ಸ್ಪೋರ್ಟ್ಸ್ ಕಾರು ವರ್ಷಕ್ಕೆ ಓಡುವುದೇ ಕಡಿಮೆ. ಬಟನ್ ಸವೆದಿರುವುದಿಲ್ಲ, ಕಾನೂನು ಕೇಳುವ 1.6 ಮಿ.ಮೀ. ಆಳಕ್ಕಿಂತ ಎಷ್ಟೋ ಹೆಚ್ಚೇ ಇರುತ್ತದೆ. ಆದರೆ ರಬ್ಬರಿಗೆ ಕಿಲೋಮೀಟರಿನ ಲೆಕ್ಕ ಗೊತ್ತಿಲ್ಲ. ಬಿಸಿಲು, ಶಾಖ, ಗಾಳಿಯಲ್ಲಿನ ಓಝೋನಿಗೆ ನಿಂತಲ್ಲೇ ಗಡುಸಾಗುತ್ತದೆ. ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಗ್ಗಿಸಿದರೆ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಡುತ್ತವೆ. ಗಡುಸಾದ ರಬ್ಬರು ಒಣ ರಸ್ತೆಯಲ್ಲಿ ಸುಮ್ಮನಿರುತ್ತದೆ. ಮೊದಲ ಮಳೆಗೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ತನ್ನ ವಯಸ್ಸು ತೋರಿಸುತ್ತದೆ.

ಆ ವಯಸ್ಸು ಟೈರಿನ ಮೇಲೆಯೇ ಬರೆದಿದೆ. ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 2000ಕ್ಕೂ ಹಿಂದಿನವಕ್ಕೆ ಮೂರೇ ಅಂಕಿ ಇರುತ್ತಿತ್ತು. ಅದು ಹೊರಗಿನ ಗೋಡೆಯ ಮೇಲೆ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ. ಬಗ್ಗಿ, ಟಾರ್ಚ್ ಬಿಟ್ಟು ನೋಡಬೇಕು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತು ತುಂಬಿದರೆ ಹೇಗಿದ್ದರೂ ಬದಲಿಸಿ ಎನ್ನುತ್ತದೆ ಮಿಶೆಲಿನ್. ಹೊಸದೆಂದು ಮಾರುವ ಟೈರಿಗೂ ಈ ಅಂಕಿ ನೋಡಲೇಬೇಕು. ಅಪರೂಪದ ಅಳತೆ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರಬಹುದು.

ಹಾಗಾಗಿ ಯಲಹಂಕದಲ್ಲೋ ಯಶವಂತಪುರದಲ್ಲೋ ಹಳೆಯ ಸ್ಪೋರ್ಟ್ಸ್ ಕಾರು ನೋಡಲು ಹೋಗುವವರಿಗೆ ನನ್ನ ಮಾತು ಇಷ್ಟು. ಬಾನೆಟ್ ಎತ್ತಿಸುವ ಮೊದಲು ಟೈರಿನ ಅಳತೆ ಮತ್ತು ನಾಲ್ಕು ಅಂಕಿ ಬರೆದುಕೊಳ್ಳಿ. ಆ ಅಳತೆ ಎಲ್ಲಿ, ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿದ ಮೇಲೆಯೇ ಅಡ್ವಾನ್ಸ್ ಕೊಡಿ. ಸಿಗದಿದ್ದರೆ ಕಾರಿನ ಬೆಲೆಯೊಳಗೇ ಬೇರೆ ರಿಮ್ಮಿನ ಖರ್ಚನ್ನೂ ಹಿಡಿದು ಚೌಕಾಸಿ ಮಾಡಿ. ಬದಲಿ ಅಳತೆ ಆರಿಸುವಾಗ ಒಟ್ಟು ವ್ಯಾಸ, ಭಾರದ ಸೂಚ್ಯಂಕ, ವೇಗದ ಅಕ್ಷರ ಮೂರೂ ಮೂಲಕ್ಕೆ ಹೊಂದಬೇಕು. H ಅಂದರೆ ಗಂಟೆಗೆ 210 ಕಿ.ಮೀ., V ಅಂದರೆ 240, W ಅಂದರೆ 270. ಅಷ್ಟು ವೇಗ ಯಾರಿಗೂ ಬೇಡ. ಆದರೆ ಆ ಅಕ್ಷರ ಟೈರು ಎಷ್ಟು ಬಿಸಿ ತಾಳಬಲ್ಲದು ಎಂಬುದನ್ನೂ ಹೇಳುತ್ತದೆ.

ಸರ್ಕಾರಕ್ಕೂ ಒಂದು ಬೇಡಿಕೆ ಇದೆ. ದೇಶದಲ್ಲಿ ತಯಾರಾಗದ ಅಳತೆಗಳ ಪಟ್ಟಿ ಮಾಡಿ, ಅವನ್ನು ಸಣ್ಣ ಪ್ರಮಾಣದಲ್ಲಿ ತರಿಸುವವರಿಗೆ ಸರಳ ಪರವಾನಗಿ ಕೊಡಲಿ. ಟೈರು ಸವೆಯುವ, ಹಳತಾಗುವ ವಸ್ತು. ಅದನ್ನು ಬದಲಿಸುವುದು ಷೋಕಿಯಲ್ಲ. ಬಿರುಕುಬಿಟ್ಟ ಟೈರಿನ ಕಾರು ಜಾರಿದರೆ ಪೆಟ್ಟು ತಿನ್ನುವವರು ಅದರ ಮಾಲೀಕರಷ್ಟೇ ಅಲ್ಲ, ಪಕ್ಕದಲ್ಲಿ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುತ್ತಿರುವವರೂ ಹೌದು.